‘ಒಂದು ದಿನದ ಮರಿ’ ಎಂದರೆ ಎಷ್ಟು ಗಂಟೆಯ ಮರಿ?

ಕೋಳಿ ಸಾಕಣೆಯ ಕೈಪಿಡಿಗಳಲ್ಲಿ, ಮರಿ ಮಾರಾಟದ ಜಾಹೀರಾತುಗಳಲ್ಲಿ ‘ಒಂದು ದಿನದ ಮರಿ’ ಎಂಬ ಮಾತು ತಪ್ಪದೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: ‘ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇರುವುದರಿಂದ ಮೂರು ದಿನ ಆಹಾರ ಬೇಕಾಗಿಲ್ಲ.’ ಈಚೆಗೆ ಇವೆರಡನ್ನೂ ಒಂದೇ ಪುಟದಲ್ಲಿ ಮತ್ತೊಮ್ಮೆ ಓದಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ. ಮೊದಲನೆಯದು ವ್ಯಾಪಾರದ ಹೆಸರು. ಅದನ್ನು ವಯಸ್ಸೆಂದು ತಿಳಿಯುವುದೇ ತಪ್ಪು. ಎರಡನೆಯದು ಅರ್ಧ ಸತ್ಯ, ಅದರ ಬೆಲೆ ತೆರುವುದು ಬ್ರಾಯ್ಲರ್, ಅಂದರೆ ಮಾಂಸಕ್ಕಾಗಿ ಸಾಕುವ ಕೋಳಿಮರಿಯ ಕರುಳು.

ಮೊಟ್ಟೆಗೆ 21 ದಿನದ ಕಾವು ಬೇಕೆಂಬುದನ್ನು ಹೇಳಬೇಕಾಗಿಲ್ಲ. ಮರಿ ಮಾಡಿಸುವ ಹ್ಯಾಚರಿಯಲ್ಲಿ ಸುಮಾರು 18 ದಿನ ಕಾವು ಕೊಡುವ ಸೆಟ್ಟರ್ ಯಂತ್ರದಲ್ಲಿ, ಉಳಿದ ದಿನ ಮರಿ ಹೊರಬರುವ ಹ್ಯಾಚರ್ ಯಂತ್ರದಲ್ಲಿ. ಆದರೆ ಒಂದೇ ದಿನ ಇಟ್ಟ ಮೊಟ್ಟೆಗಳೂ ಒಟ್ಟಿಗೆ ಒಡೆಯುವುದಿಲ್ಲ. ತಾಯಿಕೋಳಿಯ ವಯಸ್ಸು, ಕಾವಿಗಿಡುವ ಮೊದಲು ಮೊಟ್ಟೆಯನ್ನು ಎಷ್ಟು ದಿನ ಕೂಡಿಟ್ಟಿದ್ದರು, ಯಂತ್ರದ ಯಾವ ಮೂಲೆಯಲ್ಲಿ ಶಾಖ ಹೆಚ್ಚಿತ್ತು ಎಂಬುದರ ಮೇಲೆ ಮೊದಲ ಮರಿಗೂ ಕೊನೆಯ ಮರಿಗೂ 24ರಿಂದ 36 ಗಂಟೆಗಳ ಅಂತರ ಬೀಳುವುದು ಸಾಮಾನ್ಯ. ಉದ್ಯಮದವರು ಇದನ್ನು ‘ಹ್ಯಾಚ್ ವಿಂಡೋ’ ಎನ್ನುತ್ತಾರೆ. ಬಹುಪಾಲು ಮರಿಗಳು ಮೈ ಒಣಗಿಸಿಕೊಂಡ ಮೇಲೆ ಎಲ್ಲವನ್ನೂ ಒಮ್ಮೆಗೇ ಹೊರತೆಗೆಯುತ್ತಾರೆ. ಆಮೇಲೆ ಎಣಿಕೆ, ಲಸಿಕೆ, ಪೆಟ್ಟಿಗೆ, ಪ್ರಯಾಣ. ಶೆಡ್ಡಿಗೆ ಬಂದಿಳಿದ ಒಂದೇ ಪೆಟ್ಟಿಗೆಯಲ್ಲಿ ಅರ್ಧ ದಿನದ ಮರಿಯೂ ಇರುತ್ತದೆ, ಎರಡು ದಿನ ತುಂಬಿದ ಮರಿಯೂ ಇರುತ್ತದೆ. ಎರಡನೆಯದು ಇಷ್ಟು ಹೊತ್ತೂ ಒಂದು ಕಾಳು ತಿಂದಿಲ್ಲ, ಒಂದು ಹನಿ ನೀರು ಕುಡಿದಿಲ್ಲ. ಪೆಟ್ಟಿಗೆಯ ಚೀಟಿಯಲ್ಲಿ ಮಾತ್ರ ಎರಡೂ ‘ಒಂದು ದಿನದ ಮರಿ’.

ಇಲ್ಲಿ ‘ಹಳದಿ ಇದೆಯಲ್ಲ’ ಎಂಬ ಉತ್ತರ ಬರುತ್ತದೆ. ಹಳದಿ ಇರುವುದು ನಿಜ. ಮರಿ ಹೊರಬರುವುದಕ್ಕೆ ಒಂದೆರಡು ದಿನ ಮೊದಲು, ಉಳಿದ ಹಳದಿಯ ಚೀಲ ಹೊಕ್ಕುಳಿನ ದಾರಿಯಿಂದ ಹೊಟ್ಟೆಯೊಳಕ್ಕೆ ಸೇರುತ್ತದೆ. ಗೂಡಿನಲ್ಲಿ ನಾಟಿ ಕೋಳಿ ಕಾವು ಕೂತಾಗ ಇದರ ಉಪಯೋಗ ಕಣ್ಣಿಗೆ ಕಾಣುತ್ತದೆ: ಮೊದಲು ಹೊರಬಂದ ಮರಿ, ಉಳಿದ ಮೊಟ್ಟೆಗಳು ಒಡೆಯುವ ತನಕ ತಾಯಿಯ ರೆಕ್ಕೆಯಡಿ ಕಾಯಲು ಇದು ಬುತ್ತಿ. ಬುತ್ತಿ ಕಟ್ಟಿಕೊಟ್ಟಿದ್ದಾರೆಂದು ಊಟವನ್ನೇ ನಿಲ್ಲಿಸುವುದು ಬೇರೆ ಮಾತು. ಹಳದಿಯಲ್ಲಿ ಕೊಬ್ಬು, ಪ್ರೋಟೀನಿನ ಜೊತೆಗೆ ತಾಯಿಯಿಂದ ಬಂದ ರೋಗನಿರೋಧಕ ಅಂಶಗಳೂ ಇವೆ. ಅವನ್ನು ಬರೀ ಬದುಕಿ ಉಳಿಯುವುದಕ್ಕೆ ಇಂಧನವಾಗಿ ಸುಟ್ಟರೆ ಬೆಳವಣಿಗೆಗೆ ಉಳಿಯುವುದು ಕಡಿಮೆ.

ಹೆಚ್ಚಿನವರು ತಲೆಕೆಳಗಾಗಿ ತಿಳಿದಿರುವುದು ಇನ್ನೊಂದಿದೆ. ಹಳದಿ ಖಾಲಿಯಾದ ಮೇಲೆ ಮೇವು ಶುರುವಾಗಬೇಕು ಎಂದು ಅವರು ಭಾವಿಸುತ್ತಾರೆ. ವಾಸ್ತವದಲ್ಲಿ ಮೇವು ತಿಂದ ಮರಿಯ ಹಳದಿಯೇ ಬೇಗ ಕರಗುತ್ತದೆ, ಉಪವಾಸವಿರುವ ಮರಿಯ ಹಳದಿ ನಿಧಾನವಾಗಿ ಕರಗುತ್ತದೆ. ಮೇವು ಒಳಗೆ ಬಿದ್ದಾಗ ಕರುಳು ಚಲಿಸುತ್ತದೆ, ಆ ಚಲನೆ ಹಳದಿಯನ್ನು ಸಣ್ಣ ಕರುಳಿಗೆ ಎಳೆದುಕೊಳ್ಳುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಸಣ್ಣ ಕರುಳು ಮೈಯ ಉಳಿದ ಭಾಗಗಳಿಗಿಂತ ವೇಗವಾಗಿ ಬೆಳೆಯುತ್ತದೆ. ಆಹಾರ ಹೀರುವ ಸೂಕ್ಷ್ಮ ಬೆರಳುಗಳು ಅದರ ಒಳಗೋಡೆಯಲ್ಲಿ ಉದ್ದವಾಗುವುದು ಆಗಲೇ. ಮೇವು ತಡವಾದರೆ ಆ ಬೆಳವಣಿಗೆಯೂ ಹಿಂದೆ ಬೀಳುತ್ತದೆ. ಡಚ್ ಸಂಶೋಧಕರು 2017ರಲ್ಲಿ ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು 48 ಗಂಟೆ ಮೇವು ನೀರಿಲ್ಲದೆ ಕಳೆದ ಮರಿಗಳು ಆರು ವಾರದವರೆಗೂ ತೂಕದಲ್ಲಿ ಹಿಂದುಳಿದಿದ್ದವು, ಅವುಗಳಲ್ಲಿ ಸಾವೂ ಹೆಚ್ಚಿತ್ತು. ಬ್ರಾಯ್ಲರ್ ಕೋಳಿಯ ಇಡೀ ಬದುಕೇ ಆರು ವಾರ. ‘ಆಮೇಲೆ ಸರಿಹೋಗುತ್ತದೆ’ ಎನ್ನುವುದಕ್ಕೆ ಆಮೇಲೆ ಎಂಬುದೇ ಇಲ್ಲ.

ಆ ‘ಮೂರು ದಿನ’, ಅಂದರೆ 72 ಗಂಟೆ ಎಂಬ ಅಂಕಿಯನ್ನು ಐರೋಪ್ಯ ಒಕ್ಕೂಟದ 2005ರ ಸಾಗಣೆ ನಿಯಮದಲ್ಲೂ ಕಾಣಬಹುದು: ಹುಟ್ಟಿ 72 ಗಂಟೆಯೊಳಗೆ ಪ್ರಯಾಣ ಮುಗಿಯುವುದಾದರೆ, 24 ಗಂಟೆಯ ತನಕ ಮೇವು ನೀರಿಲ್ಲದೆ ಮರಿಗಳನ್ನು ಸಾಗಿಸಬಹುದು. ಅದು ಸಾಗಣೆಗೆ ಹಾಕಿದ ಕಾನೂನಿನ ಮಿತಿ. ಮರಿಗೆ ಹಸಿವೆಯಾಗುವುದು ಯಾವಾಗ ಎಂದು ಅದು ಹೇಳುವುದಿಲ್ಲ.

ಹೊರಬರುವ ಮೊದಲೇ ಕೆಡುವುದೂ ಇದೆ. ಕೊನೆಯ ವಾರದಲ್ಲಿ ಮೊಟ್ಟೆಯೊಳಗಿನ ಮರಿ ತಾನೇ ಶಾಖ ಹುಟ್ಟಿಸುತ್ತದೆ. ಆಗ ಯಂತ್ರದ ಮುಖ್ಯ ಕೆಲಸ ಮೊಟ್ಟೆಗಳನ್ನು ತಂಪಾಗಿಡುವುದು. ಚಿಪ್ಪಿನ ಉಷ್ಣತೆ 37.8 ಡಿಗ್ರಿ ಸೆಲ್ಸಿಯಸ್, ಅಂದರೆ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರಬೇಕು. ಅದು 39ರ ಹತ್ತಿರ ಹೋದರೆ ಹಳದಿ ಸರಿಯಾಗಿ ಬಳಕೆಯಾಗದೆ ಉಳಿಯುತ್ತದೆ, ಹೃದಯ ಚಿಕ್ಕದಾಗುತ್ತದೆ, ಹೊಕ್ಕುಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ತೆರೆದ ಹೊಕ್ಕುಳಿನ ಮೂಲಕ ಇ. ಕೋಲಿಯಂಥ ಬ್ಯಾಕ್ಟೀರಿಯಾ ಆ ಉಳಿದ ಹಳದಿಗೇ ನುಗ್ಗುತ್ತದೆ. ಮೊದಲ ವಾರದಲ್ಲಿ ಹೊಟ್ಟೆ ಉಬ್ಬಿ ಸಾಯುವ ಮರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಕರುಳಿನ ಸೂಕ್ಷ್ಮಜೀವಿಗಳ ಕಥೆಯೂ ಹ್ಯಾಚರಿಯಲ್ಲೇ ಶುರುವಾಗುತ್ತದೆ. ತಾಯಿಯ ಮುಖವನ್ನೇ ಕಾಣದ ಮರಿಗೆ ಮೊದಲ ಜೀವಾಣುಗಳು ಸಿಗುವುದು ಚಿಪ್ಪಿನಿಂದ, ಹ್ಯಾಚರ್‌ನ ಗಾಳಿಯಿಂದ, ಪೆಟ್ಟಿಗೆಯಿಂದ. ಫಿನ್ಲೆಂಡಿನ ಸಂಶೋಧಕರಾದ ನುರ್ಮಿ ಮತ್ತು ರಂಟಾಲಾ 1973ರಲ್ಲಿಯೇ, ಬೆಳೆದ ಕೋಳಿಗಳ ಕರುಳಿನ ಜೀವಾಣುಗಳನ್ನು ಎಳೆಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ನೆಲೆಯೂರುವುದು ಕಷ್ಟವಾಗುತ್ತದೆ ಎಂದು ತೋರಿಸಿದರು. ಮೊದಲು ಬಂದವರು ಜಾಗ ಹಿಡಿಯುತ್ತಾರೆ; ಯಾರು ಮೊದಲು ಬರುತ್ತಾರೆ ಎಂಬುದನ್ನು ಹುಟ್ಟುವ ಜಾಗ ನಿರ್ಧರಿಸುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಕೆಲವರು ಇದಕ್ಕೆ ನೇರ ದಾರಿ ಹಿಡಿದಿದ್ದಾರೆ. 18 ದಿನ ಕಾವು ಪಡೆದ ಮೊಟ್ಟೆಗಳನ್ನೇ ಸಾಕಣೆಯ ಶೆಡ್ಡಿಗೆ ಒಯ್ಯುತ್ತಾರೆ. ಮರಿ ಅಲ್ಲೇ ಹುಟ್ಟುತ್ತದೆ, ಬೇಕೆನಿಸಿದಾಗ ಮೇವು ನೀರು ಅಲ್ಲೇ ಸಿಗುತ್ತದೆ. ಮೊದಲ ದಿನಗಳಲ್ಲಿ ಅವು ಹೆಚ್ಚು ತೂಗುತ್ತವೆ. ಮಾರಾಟದ ದಿನದ ತನಕ ಆ ಅಂತರ ಉಳಿಯುತ್ತದೆಯೇ ಎಂಬುದರಲ್ಲಿ ಎಲ್ಲ ಪ್ರಯೋಗಗಳ ಫಲಿತಾಂಶ ಒಂದೇ ಅಲ್ಲ.

ನಮ್ಮಲ್ಲಿ ಕಂಪನಿಯ ಮರಿ, ಕಂಪನಿಯ ಮೇವು, ರೈತನ ಶೆಡ್ಡು ಎಂಬ ಗುತ್ತಿಗೆ ಸಾಕಣೆಯೇ ಹೆಚ್ಚು. ರೈತನ ಕೈಗೆ ಬರುವ ಹಣ ತೂಕ, ಮೇವಿನ ಖರ್ಚು ಮತ್ತು ಸಾವಿನ ಲೆಕ್ಕದ ಮೇಲೆ ನಿಂತಿದೆ. ಶೆಡ್ಡಿಗೆ ಬರುವ ಮೊದಲೇ ಹಸಿದು ನೀರಾರಿದ ಮರಿಯ ಸಾವನ್ನೂ ಆ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ಮರಿಗಳ ಚೀಟಿಯಲ್ಲಿ ಹ್ಯಾಚರ್‌ನಿಂದ ತೆಗೆದ ಗಂಟೆಯನ್ನು ಬರೆಯಿಸಿಕೊಳ್ಳಿ. ಮರಿ ಬಿಟ್ಟ ಮರುದಿನ ಅದೇ ಹೊತ್ತಿಗೆ ಕೆಲವನ್ನು ಕೈಗೆತ್ತಿಕೊಂಡು ಕುತ್ತಿಗೆಯ ಬುಡದ ಮೇವಿನ ಚೀಲವನ್ನು ಮುಟ್ಟಿ ನೋಡಿ: ನೂರರಲ್ಲಿ 95ಕ್ಕಾದರೂ ಅದು ಮೆತ್ತಗೆ ತುಂಬಿರಬೇಕು. ಏಳನೇ ದಿನ ತೂಗಿದಾಗ ಬಂದ ದಿನದ ತೂಕದ ನಾಲ್ಕು ಪಟ್ಟಿಗಿಂತ ಕಡಿಮೆಯಿದ್ದರೆ, ಚೀಟಿಯಲ್ಲಿರುವ ಗಂಟೆಯನ್ನು ಮುಂದಿಟ್ಟುಕೊಂಡೇ ಹ್ಯಾಚರಿಯವರೊಂದಿಗೆ ಮಾತಿಗೆ ಕೂರಬೇಕು.