ಒಂದು ಕೇಸು, ಮೂರು ನಂಬರು: ಕರ್ನಾಟಕದಲ್ಲಿ ಕ್ರಿಮಿನಲ್ ದಾಖಲೆ ಹುಡುಕುವುದು, ನಕಲು ಕೇಳುವುದು

ಕೋರ್ಟಿನ ದಾಖಲೆಯ ಪ್ರತಿ ಕೇಳಿ ಹಾಕಿದ ನನ್ನ ಮೊದಲ ನಕಲು ಅರ್ಜಿ ವಾಪಸ್ ಬಂದದ್ದು ಒಂದೇ ಒಂದು ತಪ್ಪಿಗೆ. ಎಫ್‌ಐಆರ್ ಮೇಲಿದ್ದ ನಂಬರನ್ನೇ ಕೇಸ್ ನಂಬರ್ ಅಂದುಕೊಂಡು ಬರೆದಿದ್ದೆ. ನಕಲು ವಿಭಾಗದಲ್ಲಿದ್ದ ಮೇಡಂ ಅರ್ಜಿಯನ್ನು ನನ್ನ ಕಡೆಗೇ ತಿರುಗಿಸಿ, "ಇದು ಸ್ಟೇಷನ್ ನಂಬರ್, ನಮ್ ನಂಬರ್ ಬರ್ಕೊಂಡು ಬನ್ನಿ" ಅಂದರು. ಈ "ನಮ್ ನಂಬರ್" ಅಂದ್ರೆ ಯಾವುದು ಅಂತ ತಿಳಿಯಲು ಅರ್ಧ ದಿನ ಹಿಡಿಯಿತು. ನಿಮಗೆ ಆ ಅರ್ಧ ದಿನ ಉಳಿಯಲಿ ಅಂತ ಈ ಟಿಪ್ಪಣಿಯನ್ನು ನಂಬರಿನಿಂದಲೇ ಶುರು ಮಾಡುತ್ತಿದ್ದೇನೆ. ಇದು ಕಾನೂನು ಓದುತ್ತಿರುವವರಿಗೆ ಮತ್ತು ಮೊದಲ ಸಲ ಕೋರ್ಟಿನ ಕೌಂಟರ್ ಮುಂದೆ ನಿಲ್ಲುವವರಿಗೆ.

ನಂಬರಿನ ಜಾಡು

ಘಟನೆ ಒಂದೇ. ಆದರೆ ಅದು ಮೇಜಿನಿಂದ ಮೇಜಿಗೆ ಹೋದಂತೆಲ್ಲ ಹೊಸ ನಂಬರ್ ಬೀಳುತ್ತದೆ.

ಮೊದಲನೆಯದು ಠಾಣೆಯ ಅಪರಾಧ ಸಂಖ್ಯೆ. ಕಾಗದದಲ್ಲಿ ಅ.ಸಂ. ಅಥವಾ ಮೊ.ನಂ. ಅಂತ ಇರುತ್ತದೆ. ಉತ್ತರ ಕರ್ನಾಟಕದ ಠಾಣೆಗಳಲ್ಲಿ ಗುನ್ನೆ ನಂಬರ್ ಅನ್ನುವುದೂ ಉಂಟು. ಉದಾಹರಣೆಗೆ 45/2023 ಅಂದರೆ ಆ ಠಾಣೆಯಲ್ಲಿ ಆ ವರ್ಷ ದಾಖಲಾದ 45ನೇ ಪ್ರಕರಣ. ಪ್ರತಿ ಠಾಣೆಯಲ್ಲೂ ಪ್ರತಿ ವರ್ಷ ಎಣಿಕೆ 1ರಿಂದ ಶುರು. ಹಾಗಾಗಿ ಠಾಣೆಯ ಹೆಸರಿಲ್ಲದ ಅಪರಾಧ ಸಂಖ್ಯೆಯನ್ನು ಇಟ್ಟುಕೊಂಡು ಏನೂ ಮಾಡಲು ಆಗುವುದಿಲ್ಲ.

ಪೊಲೀಸರು ಚಾರ್ಜ್‌ಶೀಟ್ (ಆರೋಪಪಟ್ಟಿ) ಹಾಕಿ, ಮ್ಯಾಜಿಸ್ಟ್ರೇಟರು ಪ್ರಕರಣ ಕೈಗೆತ್ತಿಕೊಂಡಾಗ ಬರುವುದು ಎರಡನೆಯದು: ಸಿ.ಸಿ. ನಂಬರ್. ಆ ಮೇಡಂ ಕೇಳಿದ್ದು ಇದನ್ನೇ. ಕೊಲೆಯಂತಹ ದೊಡ್ಡ ಪ್ರಕರಣವಾದರೆ ಮ್ಯಾಜಿಸ್ಟ್ರೇಟರು ಅದನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸುತ್ತಾರೆ. ಕೋರ್ಟಿನ ಮಾತಿನಲ್ಲಿ "ಕಮಿಟ್ ಮಾಡೋದು". ಅಲ್ಲಿ ಎಸ್.ಸಿ. (ಸೆಷನ್ಸ್ ಕೇಸ್) ನಂಬರ್ ಬೀಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋದಂತಹ ವಿಶೇಷ ಕಾಯ್ದೆಯಾದರೆ ಸ್ಪೆಷಲ್ ಕೇಸ್ ನಂಬರ್.

ಮೂರನೆಯದು ಸಿ.ಎನ್.ಆರ್. ನಂಬರ್. ಇ-ಕೋರ್ಟ್ಸ್ ಎಂಬ ಕೋರ್ಟುಗಳ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ ಮತ್ತು ಅಂಕಿಗಳ ಸಂಕೇತ ಇದು. ಕರ್ನಾಟಕದ್ದು "ಕೆ-ಎ" ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ. ಇದು ಕೈಗೆ ಸಿಕ್ಕಿತು ಅಂದರೆ ಜಿಲ್ಲೆ, ಕೋರ್ಟು ಏನನ್ನೂ ಆರಿಸಬೇಕಿಲ್ಲ. ಸಿಕ್ಕ ತಕ್ಷಣ ಬರೆದಿಟ್ಟುಕೊಳ್ಳಿ.

ಎಫ್‌ಐಆರ್: ಯಾರಿಗೆ ಪುಕ್ಕಟೆ, ಯಾರಿಗೆ ಇಲ್ಲ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಿಎನ್‌ಎಸ್‌ಎಸ್ ಅಂತ ಕರೆಯುತ್ತಾರೆ. ಮೊದಲು 154ನೇ ಕಲಂನಲ್ಲಿದ್ದ ಎಫ್‌ಐಆರ್ ಈಗ 173ನೇ ಕಲಂ. ದೂರು ಕೊಟ್ಟವರಿಗೆ ಅಥವಾ ಸಂತ್ರಸ್ತರಿಗೆ ಅದರ ಪ್ರತಿಯನ್ನು ಕೂಡಲೇ, ಪುಕ್ಕಟೆಯಾಗಿ ಕೊಡಬೇಕು. "ನಾಳೆ ಬನ್ನಿ" ಅನ್ನುವಂತಿಲ್ಲ.

ಆರೋಪಿಗೂ ಪ್ರತಿ ಪಡೆಯುವ ಹಕ್ಕಿದೆ. 2016ರ ಸೆಪ್ಟೆಂಬರಿನಲ್ಲಿ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತಲೂ ಹೇಳಿತು. ನೆಟ್‌ವರ್ಕ್ ತೊಂದರೆ, ದೂರದ ಊರು ಅಂದರೆ 72 ಗಂಟೆವರೆಗೆ ವಿನಾಯಿತಿ. ಲೈಂಗಿಕ ಅಪರಾಧ, ಪೋಕ್ಸೋ, ಭಯೋತ್ಪಾದನೆಯಂತಹ ಸೂಕ್ಷ್ಮ ಪ್ರಕರಣಗಳನ್ನು ಹಾಕುವ ಹಾಗಿಲ್ಲ. ಸೂಕ್ಷ್ಮ ಅಂತ ತೀರ್ಮಾನಿಸುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಆಗಿರಬಾರದು.

ಹಾಗಾಗಿ ದೂರುದಾರರೂ ಸಂತ್ರಸ್ತರೂ ಆರೋಪಿಯೂ ಅಲ್ಲದ ಮೂರನೆಯವರು ಮೊದಲು ನೋಡಬೇಕಾದ್ದು ರಾಜ್ಯ ಪೊಲೀಸ್ ವೆಬ್‌ಸೈಟಿನ ಎಫ್‌ಐಆರ್ ಹುಡುಕಾಟ. ಅಲ್ಲೂ ಜಿಲ್ಲೆ, ಠಾಣೆ, ಅಪರಾಧ ಸಂಖ್ಯೆ, ವರ್ಷ ಬೇಕು.

ಎಫ್‌ಐಆರ್ ಓದುವಾಗ ಹೊಸಬರು ತಡವರಿಸುವುದು ಸಣ್ಣ ಪದಗಳಲ್ಲಿ. "ಬಿನ್" ಅಂದರೆ ಇಂಥವರ ಮಗ, "ಕೋಂ" ಅಂದರೆ ಇಂಥವರ ಹೆಂಡತಿ. ಒಂದೇ ಊರಲ್ಲಿ ನಾಲ್ಕು ಮಂಜುನಾಥರಿದ್ದರೆ ನಿಮಗೆ ಬೇಕಾದವರನ್ನು ತೋರಿಸುವುದು ಈ "ಬಿನ್" ಪಕ್ಕದ ಹೆಸರೇ. ಅದನ್ನು ಬಿಟ್ಟು ಬರೀ ಹೆಸರು ನೋಡಿ ತೀರ್ಮಾನಕ್ಕೆ ಬಂದರೆ ಯಾರದೋ ಕೇಸನ್ನು ಇನ್ಯಾರದೋ ತಲೆಗೆ ಕಟ್ಟಿದಂತೆ ಆಗುತ್ತದೆ.

ಇ-ಕೋರ್ಟ್ಸ್‌ನಲ್ಲಿ ಹುಡುಕುವಾಗ

ನನ್ನ ಸಮಯ ಜಾಸ್ತಿ ಹೋದದ್ದು ಇಲ್ಲೇ. ಇ-ಕೋರ್ಟ್ಸ್ ಸೈಟಿನಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿದರೆ ಹಲವು ದಾರಿ ತೆರೆಯುತ್ತವೆ: ಪಕ್ಷಕಾರರ ಹೆಸರು, ಕೇಸ್ ನಂಬರ್, ಎಫ್‌ಐಆರ್ ನಂಬರ್, ವಕೀಲರ ಹೆಸರು ಇತ್ಯಾದಿ. ಅಪರಾಧ ಸಂಖ್ಯೆ ಇದ್ದರೆ ಎಫ್‌ಐಆರ್ ದಾರಿಯೇ ಒಳ್ಳೆಯದು. ಠಾಣೆ ಆರಿಸಿ, ನಂಬರ್ ಮತ್ತು ವರ್ಷ ಹಾಕಿದರೆ ಸಿ.ಸಿ. ನಂಬರ್ ಎದುರಿಗೆ ಬರುತ್ತದೆ.

ಹೆಸರಿನಿಂದ ಹುಡುಕುವುದು ಮಾತ್ರ ತಲೆನೋವು. ಕೋರ್ಟಿನ ಕಂಪ್ಯೂಟರಿನಲ್ಲಿ ನಮ್ಮ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಕೂತಿವೆ. ಲಕ್ಷ್ಮಿಯನ್ನು ಒಬ್ಬರು ಎಕ್ಸ್ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಕೆ-ಎಸ್-ಎಚ್ ಹಾಕಿ. ಮಂಜುನಾಥನ ಕೊನೆಗೆ ಒಂದು "ಎ" ಇರಬಹುದು, ಇಲ್ಲದಿರಬಹುದು. ಇನಿಷಿಯಲ್ ಹಿಂದೆ ಬಂದಿರಬಹುದು, ಮುಂದೆ ಬಂದಿರಬಹುದು. ಅದಕ್ಕೆ ಪೂರ್ತಿ ಹೆಸರು ಹಾಕಬೇಡಿ. ಮೊದಲ ನಾಲ್ಕೈದು ಅಕ್ಷರ ಹಾಕಿ, ಪಟ್ಟಿ ಉದ್ದ ಬಂದರೂ ಪರವಾಗಿಲ್ಲ, ಕಣ್ಣಾಡಿಸಿ.

ಹೆಸರು ಅಥವಾ ಕೇಸ್ ನಂಬರಿನಿಂದ ಹುಡುಕುವಾಗ ಕೇಳುವ ವರ್ಷ ಕೋರ್ಟಿನಲ್ಲಿ ನೋಂದಣಿಯಾದ ವರ್ಷ, ಘಟನೆ ನಡೆದ ವರ್ಷವಲ್ಲ. 2019ರ ಜಗಳದ ಚಾರ್ಜ್‌ಶೀಟ್ 2021ರಲ್ಲಿ ಬಂದಿದ್ದರೆ ಸಿ.ಸಿ. ನಂಬರ್ 2021ರದ್ದು. "ಏನೂ ಸಿಗಲಿಲ್ಲ" ಅನ್ನುವವರಲ್ಲಿ ಎಷ್ಟೋ ಜನ ಎಡವಿರುವುದು ಇಲ್ಲೇ.

ಇನ್ನು "ವಿಲೇವಾರಿ" ಅನ್ನುವ ಪದ. ಪರದೆಯ ಮೇಲೆ ಅದನ್ನು ನೋಡಿ ಕೇಸ್ ಮುಗಿಯಿತು ಅಂದುಕೊಳ್ಳಬೇಡಿ. ಸೆಷನ್ಸ್‌ಗೆ ಕಮಿಟ್ ಆದ ಪ್ರಕರಣ ಮ್ಯಾಜಿಸ್ಟ್ರೇಟ್ ಕೋರ್ಟಿನ ಲೆಕ್ಕದಲ್ಲಿ ವಿಲೇವಾರಿ ಆಗಿರುತ್ತದೆ, ಪಕ್ಕದ ಕಟ್ಟಡದಲ್ಲಿ ಎಸ್.ಸಿ. ನಂಬರ್ ಹೊತ್ತು ನಡೆಯುತ್ತಿರುತ್ತದೆ. ಐವರು ಆರೋಪಿಗಳಲ್ಲಿ ಒಬ್ಬ ತಲೆಮರೆಸಿಕೊಂಡರೆ ಅವನ ಭಾಗವನ್ನು ಬೇರ್ಪಡಿಸಿ ಹೊಸ ನಂಬರ್ ಕೊಡುತ್ತಾರೆ. "ಸ್ಪ್ಲಿಟ್ ಅಪ್" ಅಂತ ವಕೀಲರು ಹೇಳುವುದು ಇದನ್ನೇ. ಆಗ ಒಂದೇ ಅಪರಾಧ ಸಂಖ್ಯೆಗೆ ಎರಡು ಸಿ.ಸಿ. ನಂಬರ್. ಉಳಿದ ನಾಲ್ವರು ಖುಲಾಸೆಯಾಗಿದ್ದರೂ ಐದನೆಯವನ ಕೇಸ್ ಬಾಕಿಯೇ ಇರಬಹುದು.

ಠಾಣೆಯಲ್ಲಿ ಎಫ್‌ಐಆರ್ ಇದೆ, ಸಿ.ಸಿ. ನಂಬರೇ ಇಲ್ಲ ಅಂದರೆ ತನಿಖೆ ಇನ್ನೂ ನಡೆಯುತ್ತಿರಬಹುದು. ಇಲ್ಲವೇ ಪೊಲೀಸರು ಸಾಕ್ಷ್ಯವಿಲ್ಲ ಅಂತ "ಬಿ ರಿಪೋರ್ಟ್", ಆರೋಪಿ ಪತ್ತೆಯಾಗಲಿಲ್ಲ ಅಂತ "ಸಿ ರಿಪೋರ್ಟ್" ಹಾಕಿರಬಹುದು. ಇದರ ತಿರುವುಮುರುವೂ ಉಂಟು: ಸಿ.ಸಿ. ನಂಬರ್ ಇದೆ, ಎಫ್‌ಐಆರೇ ಇಲ್ಲ. ಚೆಕ್ ಬೌನ್ಸ್ ಪ್ರಕರಣಗಳು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರಾಗಿ ಬರುತ್ತವೆ. ಅವನ್ನು ಕಂಡು "ಅಯ್ಯೋ, ಕ್ರಿಮಿನಲ್ ಕೇಸ್ ಇದೆ" ಅಂತ ಗಾಬರಿಯಾಗುವವರನ್ನು ನೋಡಿದ್ದೇನೆ. ಕಲಂ ಯಾವುದು ಅಂತ ಮೊದಲು ನೋಡಬೇಕು, ಅಲ್ವಾ?

ಚಾರ್ಜ್‌ಶೀಟ್ ಕೇಳುವವರಿಗೆ

ಎಫ್‌ಐಆರ್ ವೆಬ್‌ಸೈಟಿನಲ್ಲಿ ಸಿಗುತ್ತದೆ ಅಂದಮೇಲೆ ಚಾರ್ಜ್‌ಶೀಟ್ ಯಾಕೆ ಸಿಗಬಾರದು? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು. 2023ರ ಜನವರಿಯಲ್ಲಿ ಸೌರವ್ ದಾಸ್ ಪ್ರಕರಣದಲ್ಲಿ ಅದು ಆಗುವುದಿಲ್ಲ ಅಂದಿತು. ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆಯಲ್ಲ, ಅದನ್ನು ಎಲ್ಲರಿಗೂ ಕಾಣುವಂತೆ ಹಾಕಿದರೆ ಆರೋಪಿಯ ಮತ್ತು ಸಂತ್ರಸ್ತರ ಹಕ್ಕಿಗೆ ಪೆಟ್ಟು ಬೀಳುತ್ತದೆ ಅನ್ನುವುದು ಕಾರಣ. ಆದರೆ ಆರೋಪಿಗೆ ಬಿಎನ್‌ಎಸ್‌ಎಸ್ 230ನೇ ಕಲಂ ಪ್ರಕಾರ ಚಾರ್ಜ್‌ಶೀಟು, ಸಾಕ್ಷಿಗಳ ಹೇಳಿಕೆಗಳ ಪ್ರತಿ ಪುಕ್ಕಟೆ ಸಿಗಬೇಕು, ಕೋರ್ಟಿಗೆ ಹಾಜರಾದ 14 ದಿನದೊಳಗೆ. ವಕೀಲರನ್ನು ಇಟ್ಟುಕೊಂಡಿರುವ ಸಂತ್ರಸ್ತರಿಗೂ ಉಂಟು. ತನಿಖಾಧಿಕಾರಿಯ ಕೇಸ್ ಡೈರಿಯನ್ನು ಆರೋಪಿಯೂ ಕೇಳುವಂತಿಲ್ಲ. ರೌಡಿ ಶೀಟ್ ಪೊಲೀಸರ ಒಳಗಿನ ನಿಗಾ ದಾಖಲೆ, ಅದು ಶಿಕ್ಷೆಯ ದಾಖಲೆಯಲ್ಲ.

ದೃಢೀಕೃತ ನಕಲು

ತೀರ್ಪು, ಆದೇಶಗಳ ಪಿಡಿಎಫ್ ಇ-ಕೋರ್ಟ್ಸ್‌ನಲ್ಲೇ ಇಳಿಸಿಕೊಳ್ಳಬಹುದು. ಓದಲು ಅಷ್ಟು ಸಾಕು. ಆದರೆ ಮೇಲ್ಮನವಿಗೋ, ಬೇರೆ ಕಚೇರಿಗೋ ಕೊಡಬೇಕು ಅಂದರೆ ಸೀಲು, ಸಹಿ ಇರುವ ದೃಢೀಕೃತ ನಕಲೇ ಬೇಕು. ಅದಕ್ಕೆ ಕೇಸ್ ನಡೆದ ಕೋರ್ಟಿನಲ್ಲಿ ನಕಲು ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಕೋರ್ಟಿನ ಹೆಸರು, ಸಿ.ಸಿ. ಅಥವಾ ಎಸ್.ಸಿ. ನಂಬರ್, ಎರಡೂ ಕಡೆಯವರ ಹೆಸರು, ತೀರ್ಪಿನ ದಿನಾಂಕ, ಯಾವ ಕಾಗದ ಬೇಕು ಅನ್ನುವುದು ಇರಲಿ. "ಎಲ್ಲಾ ದಾಖಲೆ ಕೊಡಿ" ಅಂತ ಬರೆದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. "ದಿನಾಂಕ ಇಂಥದ್ದರ ತೀರ್ಪು", "ಪಿ.ಡಬ್ಲ್ಯು. 3ರ ಸಾಕ್ಷ್ಯ" ಅಂತ ಬಿಡಿಸಿ ಬರೆಯಿರಿ. ಪಿ.ಡಬ್ಲ್ಯು. ಅಂದರೆ ಸರ್ಕಾರದ ಪರ ಸಾಕ್ಷಿ.

ಜೈಲು ಶಿಕ್ಷೆಯಾದ ಆರೋಪಿಗೆ ತೀರ್ಪಿನ ಪ್ರತಿ ಅಲ್ಲೇ ಪುಕ್ಕಟೆ. ತೀರ್ಪಿನಿಂದ ಬಾಧೆಗೊಳಗಾದ ಬೇರೆಯವರು ಶುಲ್ಕ ಕಟ್ಟಿ ಪಡೆಯಬಹುದು. ಕೇಸಿಗೆ ಸಂಬಂಧವೇ ಇಲ್ಲದವರಿಗೆ ಕೊಡುವ ಬಗ್ಗೆ ಹೈಕೋರ್ಟ್ ನಿಯಮ ಮಾಡಬಹುದು ಅಂತ ಬಿಎನ್‌ಎಸ್‌ಎಸ್ 404ನೇ ಕಲಂ ಹೇಳುತ್ತದೆ. ನೀವು ಆ ಮೂರನೆಯವರಾದರೆ ನಕಲು ಯಾಕೆ ಬೇಕು ಅಂತ ಹೇಳುವ ಅಫಿಡವಿಟ್ ಜೊತೆಗಿಟ್ಟು, ನ್ಯಾಯಾಧೀಶರ ಅನುಮತಿಗೆ ಕಾಯಲು ಸಿದ್ಧರಾಗಿ ಹೋಗಿ. "ಸುಮ್ನೆ ಓದೋಕೆ" ಅನ್ನುವುದು ಕಾರಣವಾಗುವುದಿಲ್ಲ.

ನಕಲು ಕೈಗೆ ಬಂದಾಗ ಅದರ ಹಿಂಬದಿ ನೋಡಿ. ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಅಂತ ಒಂದು ಸೀಲಿನಲ್ಲಿ ಬರೆದಿರುತ್ತಾರೆ. ಇದು ಅಲಂಕಾರಕ್ಕಲ್ಲ. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ ಇದೆ. ಆ ನಕಲು ಪಡೆಯಲು ಹಿಡಿದ ಕಾಲವನ್ನು ಕಾಲಮಿತಿ ಕಾಯ್ದೆಯ 12ನೇ ಕಲಂ ಪ್ರಕಾರ ಲೆಕ್ಕದಿಂದ ಬಿಡುತ್ತಾರೆ. ಆ ಲೆಕ್ಕಕ್ಕೆ ಆಧಾರ ಈ ಸೀಲೇ.

ಆರ್‌ಟಿಐ ಎಲ್ಲದಕ್ಕೂ ಮದ್ದಲ್ಲ

ಕೋರ್ಟಿನ ಕಡತದ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಸಿಗುವುದಿಲ್ಲ. ಕೋರ್ಟಿನ ನಿಯಮದಲ್ಲಿ ದಾರಿ ಇರುವಾಗ ಆ ದಾರಿಯಲ್ಲೇ ಬನ್ನಿ ಅಂತ 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪೊಲೀಸರಿಗೆ ಹಾಕುವ ಅರ್ಜಿಗೆ ಮಾತ್ರ ಆರ್‌ಟಿಐ ಉಪಯೋಗ, ಅದೂ ತನಿಖೆಗೆ ಅಡ್ಡಿಯಾಗುವ ಮಾಹಿತಿ ಬಿಟ್ಟು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ಒಬ್ಬ ವ್ಯಕ್ತಿಯ ಹೆಸರು ಕೊಟ್ಟು "ಇವರ ಮೇಲೆ ಎಷ್ಟು ಕೇಸಿವೆ" ಅಂತ ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ತಿರಸ್ಕರಿಸುವ ಸಾಧ್ಯತೆಯೇ ಜಾಸ್ತಿ. "ಇಂಥ ಠಾಣೆಯ ಇಂಥ ಅಪರಾಧ ಸಂಖ್ಯೆಯಲ್ಲಿ ಅಂತಿಮ ವರದಿ ಸಲ್ಲಿಸಲಾಗಿದೆಯೇ, ಯಾವ ದಿನ, ಯಾವ ಕೋರ್ಟಿಗೆ" ಅಂತ ಕೇಳಿ ನೋಡಿ. ಅಂತಿಮ ವರದಿ ಅಂದರೆ ಚಾರ್ಜ್‌ಶೀಟ್, ಇಲ್ಲವೇ ಬಿ ಅಥವಾ ಸಿ ರಿಪೋರ್ಟ್.

ನಿಮ್ಮದೇ ದಾಖಲೆ ಬೇಕಾದರೆ, ಅಂದರೆ ಕೆಲಸಕ್ಕೆ "ನನ್ನ ಮೇಲೆ ಕೇಸಿಲ್ಲ" ಅನ್ನುವ ಪತ್ರ ಬೇಕಾದರೆ, ಸೇವಾ ಸಿಂಧುವಿನಲ್ಲಿ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಿ. ವಿದೇಶಕ್ಕಾದರೆ ಪಾಸ್‌ಪೋರ್ಟ್ ಸೇವೆಯ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್). ಒಂದು ಮಾತು: ಬಾಲಕರಾಗಿದ್ದಾಗಿನ ಪ್ರಕರಣ ಮುಗಿದಿದ್ದರೆ, ನಡತೆ ಪ್ರಮಾಣಪತ್ರಕ್ಕಾಗಿ ಅದನ್ನು ಪೊಲೀಸರು ಹೊರಗೆ ಹಾಕುವಂತಿಲ್ಲ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ನೋಡಿ.

ಅಭ್ಯಾಸಕ್ಕೆ

ಯಾರ ಖಾಸಗಿತನಕ್ಕೂ ಕೈ ಹಾಕದೆ ಇದನ್ನೆಲ್ಲ ಮಾಡಿ ನೋಡುವ ದಾರಿ ಒಂದಿದೆ. ಚುನಾವಣೆಗೆ ನಿಲ್ಲುವವರು ನಮೂನೆ 26ರ ಅಫಿಡವಿಟ್‌ನಲ್ಲಿ ತಮ್ಮ ಮೇಲಿರುವ ಪ್ರಕರಣಗಳನ್ನು ಬರೆಯಲೇಬೇಕು: ಎಫ್‌ಐಆರ್ ನಂಬರ್, ಠಾಣೆ, ಕೇಸ್ ನಂಬರ್, ಕೋರ್ಟು, ಕಲಂಗಳು, ಆರೋಪ ನಿಗದಿಯಾಗಿದೆಯೋ ಇಲ್ಲವೋ ಎಲ್ಲವನ್ನೂ. 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಶುರುವಾದ ಪದ್ಧತಿ ಇದು. ಅಫಿಡವಿಟ್‌ಗಳು ಚುನಾವಣಾ ಆಯೋಗದ ಸೈಟಿನಲ್ಲಿ ಎಲ್ಲರಿಗೂ ಸಿಗುತ್ತವೆ.

ನಿಮ್ಮ ಕ್ಷೇತ್ರದ ಯಾವುದಾದರೂ ಒಂದು ಅಫಿಡವಿಟ್ ತೆಗೆಯಿರಿ. ಅದರಲ್ಲಿ ಬಾಕಿ ಇದೆ ಅಂದ ಒಂದು ಅಪರಾಧ ಸಂಖ್ಯೆಯನ್ನು ಹಿಡಿದು ಇ-ಕೋರ್ಟ್ಸ್‌ನಲ್ಲಿ ಸಿ.ಸಿ. ನಂಬರ್ ಹುಡುಕಿ. ಹುಡುಕುವಾಗ ಬಾಕಿ ಮತ್ತು ವಿಲೇವಾರಿ ಎರಡನ್ನೂ ನೋಡಿ. ಅಫಿಡವಿಟ್ ಸಹಿಯಾದ ದಿನಕ್ಕೂ ನೀವು ಹುಡುಕುವ ದಿನಕ್ಕೂ ನಡುವೆ ಆ ಕೇಸು ಬೇರೆ ಕೋರ್ಟಿಗೆ ಹೋಗಿ, ಬೇರೆ ನಂಬರ್ ಹೊತ್ತು ಕೂತಿರಬಹುದು.