ಮೊದಲು ಸಾಗುವಳಿ ಚೀಟಿ ಓದಲಿ

ಸಾಮಾಜಿಕ ನ್ಯಾಯಕ್ಕಾಗಿ ದುಡಿಯಬೇಕೆಂದು ನನ್ನ ಕಚೇರಿಗೆ ಬರುವ ಕಿರಿಯ ವಕೀಲರ ಕೈಗೆ ನಾನು ಮೊದಲು ಕೊಡುವುದು ಒಂದು ಪಿಟಿಸಿಎಲ್ ಕಡತ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪದಂತೆ ಕಾಯುವ 1978ರ ಕಾಯ್ದೆಯ ಚಿಕ್ಕ ಹೆಸರು ಪಿಟಿಸಿಎಲ್. ಮಂಡ್ಯದಲ್ಲಿ ನಾಲೆ ನೀರು ಹರಿದ ನೆಲದ ಬೆಲೆ ಬಲ್ಲವರಿಗೆ ಅದರ ತೂಕ ಗೊತ್ತು. ಹೋರಾಟದ ಮನಸ್ಸಿನ ಹುಡುಗ ಹುಡುಗಿಯರು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಕನಸಿನಲ್ಲಿರುತ್ತಾರೆ. ಕನಸು ಒಳ್ಳೆಯದೇ. ಆದರೆ ಕಳೆದುಕೊಂಡ ಒಂದೆಕರೆಯ ವ್ಯಾಜ್ಯ ಶುರುವಾಗುವುದು ಮಂಡ್ಯದಲ್ಲೋ ಪಾಂಡವಪುರದಲ್ಲೋ ಉಪವಿಭಾಗಾಧಿಕಾರಿಗಳ ಮುಂದೆ.

ಪಹಣಿಯೊಂದನ್ನೇ ಹಿಡಿದು ಬರುವ ಕುಟುಂಬಗಳೇ ಹೆಚ್ಚು. ಜಮೀನು ಮಂಜೂರಾದಾಗ ಕೊಟ್ಟ ಸಾಗುವಳಿ ಚೀಟಿಯಲ್ಲಿ ಎಷ್ಟು ವರ್ಷ ಪರಭಾರೆ, ಅಂದರೆ ಮಾರಾಟದಂಥ ಹಸ್ತಾಂತರ, ಮಾಡಬಾರದೆಂಬ ಷರತ್ತಿದೆ, ಕ್ರಯಪತ್ರ 1979ರ ಜನವರಿ 1ಕ್ಕಿಂತ ಹಿಂದಿನದೋ ಈಚಿನದೋ ಎಂದು ನೋಡಬೇಕು. ಕಾಯ್ದೆ ಜಾರಿಗೆ ಬಂದ ಆ ದಿನದ ನಂತರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಪರಭಾರೆ ಅಸಿಂಧು. ಹಿಂದಿನದಾದರೆ ಷರತ್ತು ಮುರಿದದ್ದನ್ನು ತೋರಿಸಬೇಕು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಜೂನಿಯರ್ ತಾನೇ ಹೋಗಿ ದೃಢೀಕೃತ ನಕಲು ತರಬೇಕು. ಕಡತ ಸಿಗುತ್ತಿಲ್ಲವೆಂದರೆ ಅದನ್ನೇ ಬರವಣಿಗೆಯಲ್ಲಿ ಪಡೆಯಬೇಕು.

ಹೆಚ್ಚು ಹೊತ್ತು ಕೂರಿಸಿಕೊಂಡು ಕಲಿಸಬೇಕಾದದ್ದು ವಿಳಂಬದ ವಿಚಾರ. ಜಮೀನು ಮರಳಿ ಪಡೆಯಲು ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕೆಂದು 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರ ಆಧಾರದ ಮೇಲೆ ಎಷ್ಟೋ ಕುಟುಂಬಗಳ ಅರ್ಜಿಗಳು ಬಿದ್ದುಹೋದವು. ದಲಿತ ಸಂಘಟನೆಗಳು ಪಟ್ಟುಬಿಡದೆ ಹೋರಾಡಿದ ಮೇಲೆ 2023ರ ತಿದ್ದುಪಡಿ ಇಂಥ ಅರ್ಜಿಗೆ ಕಾಲಮಿತಿಯೇ ಇಲ್ಲವೆಂದಿತು. ಆದರೂ, ಕಾಲಮಿತಿ ಇಲ್ಲದಿರುವುದು ಬೇರೆ, ಕಾರಣವಿಲ್ಲದ ವಿಳಂಬ ಬೇರೆ ಎಂಬ ವಾದ ಹೈಕೋರ್ಟಿನಲ್ಲಿ ಏಳುತ್ತಲೇ ಇದೆ. ಹಾಗಾಗಿ ಇಷ್ಟು ವರ್ಷ ಏಕೆ ಬರಲಿಲ್ಲ ಎಂಬುದಕ್ಕೆ ಮೊದಲ ಅರ್ಜಿಯಲ್ಲೇ ಉತ್ತರವಿರಬೇಕು.

ಆ ಉತ್ತರ ಕಾನೂನು ಪುಸ್ತಕದಲ್ಲಿ ಸಿಗುವುದಿಲ್ಲ. ಮಂಜೂರುದಾರರ ಮಗಳೋ ಸೊಸೆಯೋ ಬದುಕಿದ್ದರೆ ಅವರ ಮನೆಗೆ ಹೋಗಿ ಕೂರಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡವರು ಯಾರು? ಕೊಂಡವರ ಮನೆಯಲ್ಲೇ ಈ ಕುಟುಂಬದ ಯಜಮಾನ ಜೀತಕ್ಕಿದ್ದನೇ? ಖಾತೆ ಬದಲಾದದ್ದು ಮನೆಯವರಿಗೆ ತಿಳಿದದ್ದು ಯಾವಾಗ? ಅಜ್ಜಿ ಹೇಳುವಾಗ ಅವಸರಪಡಿಸಬಾರದು, ನಮಗೆ ಬೇಕಾದ ಉತ್ತರವನ್ನು ಅವರ ಬಾಯಿಗೆ ತುರುಕಬಾರದು. ‘ಅರ್ಜಿದಾರರು ಅನಕ್ಷರಸ್ಥರು’ ಎಂಬ ಒಂದೇ ಸಾಲಿನಲ್ಲಿ ವಿಳಂಬವನ್ನು ತೇಲಿಸಿದ ಕರಡನ್ನು ನಾನು ಹಿಂದಕ್ಕೆ ಕೊಡುತ್ತೇನೆ. ಅಂದಹಾಗೆ, ಎದುರು ಪಕ್ಷದವರೂ ಹಲವು ಬಾರಿ ಸಣ್ಣ ಹಿಡುವಳಿಯ ರೈತರೇ. ಅವರನ್ನು ಹೀಗಳೆಯುವ ಮಾತು ನಮ್ಮ ಅರ್ಜಿಯಲ್ಲಿ ಇರಕೂಡದು.

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟರಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಮೊದಲ ಭೇಟಿಯಲ್ಲೇ ಕಕ್ಷಿದಾರರಿಗೆ ಇದನ್ನು ಹೇಳಬೇಕು.

ಹಿರಿಯರಾದ ನಮ್ಮ ಪಾಲಿನ ಕೆಲಸವೂ ಒಂದಿದೆ. ಗ್ರಾಮೀಣ ಭಾಗದಲ್ಲಿ ಕಿರಿಯ ವಕೀಲರಿಗೆ ತಿಂಗಳಿಗೆ ಕನಿಷ್ಠ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸಲಹೆ ನೀಡಿತು. ಸಲಹೆಯಷ್ಟೇ, ಕಡ್ಡಾಯವಲ್ಲ. ತನ್ನ ಕೇರಿಯಿಂದ ಮೊದಲ ಬಾರಿಗೆ ಕರಿಕೋಟು ತೊಟ್ಟು ಬಂದ ಹುಡುಗಿಗೆ ರೂಮಿನ ಬಾಡಿಗೆ ಕಟ್ಟಲಾಗದಿದ್ದರೆ ಅವಳು ವೃತ್ತಿಯನ್ನೇ ಬಿಡುತ್ತಾಳೆ. ಅಜ್ಜಿಯ ಮಾತು ನನಗಿಂತ ಅವಳಿಗೇ ಚೆನ್ನಾಗಿ ಅರ್ಥವಾಗುತ್ತದೆ. ಅಂಥವಳಿಗೆ ಪ್ರತಿ ತಿಂಗಳ ಮೊದಲ ವಾರದಲ್ಲೇ, ಅವಳು ಕೇಳುವವರೆಗೂ ಕಾಯದೆ, ಹಣ ಕೊಟ್ಟುಬಿಡಿ ಎಂದು ನನ್ನ ಸಹೋದ್ಯೋಗಿಗಳನ್ನು ಬೇಡುತ್ತೇನೆ.