ಬೈತಖೋಲದ ಬೋಟಿಗೆ ಯಾವ ದೇಶದ ಎಣ್ಣೆ?

ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಬಂತೆಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಗಡಿಬಿಡಿ. ಬಲೆ ಹೊರುವವರು, ಐಸ್ ತುಂಬುವವರು, ಅವರ ನಡುವೆ ಡೀಸೆಲ್ ಪೈಪು. ಆ ಡೀಸೆಲ್ ಮೊದಲು ಯಾವ ನೆಲದಿಂದ ಮೇಲೆ ಬಂತು? ಬಂಕಿನ ಬೋರ್ಡು ನೋಡಿ ಹೇಳೋಕಾಗಲ್ಲ. ಕಂಪನಿಗಳು ಒಂದರ ರಿಫೈನರಿಯಿಂದ, ಅಂದರೆ ಕಚ್ಚಾ ತೈಲದಿಂದ ಡೀಸೆಲ್ ತೆಗೆಯುವ ಕಾರ್ಖಾನೆಯಿಂದ, ಇನ್ನೊಂದು ಡೀಸೆಲ್ ಪಡೆಯುವುದು ಮಾಮೂಲಿ.

ನಮ್ಮಲ್ಲಿ ಕಚ್ಚಾ ತೈಲ ಇಲ್ಲವೇ ಇಲ್ಲ ಅಂತೇನಿಲ್ಲ. ಅಸ್ಸಾಮಿನ ದಿಗ್ಬೋಯ್ ರಿಫೈನರಿ ಶುರುವಾಗಿದ್ದು 1901ರಲ್ಲಿ, ಅಲ್ಲಿನ ಬಾವಿಗಳ ಎಣ್ಣೆಯಿಂದಲೇ. 1974ರಲ್ಲಿ ಮುಂಬೈ ಆಚೆಯ ಕಡಲಲ್ಲಿ ಬಾಂಬೆ ಹೈ ಎಂಬ ತೈಲ ನಿಕ್ಷೇಪ ಸಿಕ್ಕಿತು. ಆದರೆ ಬಳಕೆ ಅದಕ್ಕಿಂತ ಜಾಸ್ತಿ ಬೆಳೆಯಿತು. ಈಗ ನೂರು ಲೀಟರ್ ಕಚ್ಚಾ ತೈಲ ಬೇಕಾದರೆ 85ಕ್ಕೂ ಹೆಚ್ಚು ಲೀಟರ್ ಹೊರಗಿನಿಂದ ಬರಬೇಕು.

ನಮ್ಮ ಕರಾವಳಿಯ ಕಥೆ ಮಂಗಳೂರಿನದು. ಅಲ್ಲಿನ ಎಂಆರ್‌ಪಿಎಲ್ ರಿಫೈನರಿ 1996ರಲ್ಲಿ ಕೆಲಸ ಶುರು ಮಾಡಿತು, 2003ರಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಕೈಗೆ ಬಂತು. ಕೊಲ್ಲಿ ದೇಶಗಳು ಹತ್ತಿರ, ಹಡಗು ಕೆಲವೇ ದಿನದಲ್ಲಿ ಬರುತ್ತದೆ. ಬಹಳ ವರ್ಷ ಎಂಆರ್‌ಪಿಎಲ್ ಇರಾನ್ ಎಣ್ಣೆಯ ದೊಡ್ಡ ಗಿರಾಕಿಯಾಗಿತ್ತು.

ಅಗ್ಗ ಅಂತ ಯಾವ ಎಣ್ಣೆಯನ್ನಾದರೂ ತಂದು ಸುರಿಯುವಂತಿಲ್ಲ. ಕುಚ್ಚಲಕ್ಕಿಗೆ ಬೇಕಾಗುವ ನೀರು, ಬೆಂಕಿ ಬೆಳ್ತಿಗೆ ಅಕ್ಕಿಗೆ ಆಗುತ್ತಾ? ಹಾಗೆಯೇ ಇಲ್ಲೂ. ಒಂದು ಬಾವಿಯ ಎಣ್ಣೆ ತೆಳು, ಇನ್ನೊಂದರದ್ದು ದಪ್ಪ. ಕೆಲವದರಲ್ಲಿ ಗಂಧಕ ಹೆಚ್ಚು. ತನ್ನ ಯಂತ್ರಗಳಿಗೆ ಹೊಂದುವ ಎಣ್ಣೆಯನ್ನೇ ರಿಫೈನರಿ ಹುಡುಕಬೇಕು, ಇಲ್ಲವೇ ಎರಡು ಮೂರು ಬಗೆ ಬೆರೆಸಬೇಕು. ಒಂದಷ್ಟನ್ನು ವರ್ಷದ ಒಪ್ಪಂದದಲ್ಲಿ ಕೊಳ್ಳುತ್ತಾರೆ. ಉಳಿದದ್ದು ಆಯಾ ಹೊತ್ತಿನ ದರಕ್ಕೆ, ಜೆಟ್ಟಿಯಲ್ಲಿ ಮೀನು ಕೊಂಡ ಹಾಗೆ.

ಇದರ ಮೇಲೆ ರಾಜಕೀಯ. 2018ರಲ್ಲಿ ಅಮೆರಿಕ ಇರಾನ್ ಮೇಲೆ ಮತ್ತೆ ನಿರ್ಬಂಧ ಹಾಕಿತು. 2019ರ ಮೇನಲ್ಲಿ ಭಾರತಕ್ಕೆ ಕೊಟ್ಟಿದ್ದ ವಿನಾಯಿತಿಯೂ ಮುಗಿಯಿತು, ಭಾರತ ಇರಾನ್ ಎಣ್ಣೆ ತರುವುದನ್ನು ನಿಲ್ಲಿಸಿತು. ಇರಾಕ್, ಸೌದಿ ಮುಂದೆ ಬಂದವು. 2022ರ ಉಕ್ರೇನ್ ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ರಷ್ಯಾದ ಪಾಲು ಶೇ. 2ರ ಆಸುಪಾಸು. ಯುರೋಪ್ ಕೊಳ್ಳುವುದನ್ನು ಬಿಟ್ಟಾಗ ರಷ್ಯಾ ರಿಯಾಯಿತಿ ಕೊಟ್ಟಿತು. 2023-24ರ ಹೊತ್ತಿಗೆ ಅದರ ಪಾಲು ಮೂರನೇ ಒಂದಕ್ಕಿಂತ ಹೆಚ್ಚಾಯಿತು. ಬಾಲ್ಟಿಕ್ ಸಮುದ್ರದಿಂದ ವಾರಗಟ್ಟಲೆ ಪ್ರಯಾಣ, ಆದರೂ ಲೆಕ್ಕ ಗಿಟ್ಟಿತು. ಬೋಟಿನ ಮಾಲೀಕ ಡೀಸೆಲ್ ದರದ ಜೊತೆ ವಿದೇಶದ ಸುದ್ದಿಯನ್ನೂ ನೋಡಬೇಕು ಅಂತ ನಾನು ಹೇಳುವುದು ಇದಕ್ಕೇ.

ಹಡಗು ನಿಂತುಹೋದರೆ? ಆ ಭಯಕ್ಕೇ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆ ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್ನಿನದು ಇದೆ.

ಮಳೆಗಾಲದಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಡೆದರೆ ಕೆಲವೊಮ್ಮೆ ಅಂಗಾಲಿಗೆ ಕಪ್ಪು ಜಿಡ್ಡಿನ ಉಂಡೆ ಅಂಟುತ್ತದೆ. ತೆಂಗಿನೆಣ್ಣೆ ಹಚ್ಚಿ ತಿಕ್ಕಬೇಕು. ಅದು ಕಡಲಿಗೆ ಚೆಲ್ಲಿದ ಎಣ್ಣೆ ಅಲೆಯಲ್ಲಿ ಗಟ್ಟಿಯಾದದ್ದು. ಪ್ರತಿ ಬಾವಿಯ ಎಣ್ಣೆಗೂ ತನ್ನದೇ ರಾಸಾಯನಿಕ ಗುರುತು ಇರುತ್ತದೆ. ಆ ಉಂಡೆಯ ಚೂರನ್ನು ಪ್ರಯೋಗಾಲಯದಲ್ಲಿ ನೋಡಿ, ಅದು ಎಲ್ಲಿಯ ಎಣ್ಣೆ ಅಂತ ಪತ್ತೆ ಹಚ್ಚುತ್ತಾರೆ.